ಮೇಸ್ತ್ರಿ ಹಾಕಿಸಿದ ಸಹಿ

ಮೇಸ್ತ್ರಿಯ ಎಡಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿ ಎರಡಾಗಿ ಬೆಳೆದಿತ್ತು. ಹದಿನಾರರ ಪ್ರಾಯದಲ್ಲಿ ಬಾಚಿಯ ಏಟು ಮರ ಬಿಟ್ಟು ಬೆರಳಿಗೆ ಬಿದ್ದದ್ದಂತೆ. ಆ ಸೀಳು ಉಗುರನ್ನು ಹಲಗೆಯ ಮೇಲೆ ಮೆಲ್ಲಗೆ ಎಳೆದುಕೊಂಡು ಹೋಗುತ್ತ, ಕಣ್ಣಿಗೆ ಕಾಣದ ಉಬ್ಬು ಸಿಕ್ಕಿದಲ್ಲಿ ನಿಲ್ಲಿಸಿ, "ಇಲ್ಲೊಂದ್ ಸಲ ಕೀಸುಳಿ ಹಾಕ್" ಎನ್ನುತ್ತಿದ್ದರು. ಹಾಕಿದರೆ ಅಲ್ಲಿಂದ ಬೀಡಿ ಕಾಗದದಷ್ಟು ತೆಳುವಾದ ಸಿಪ್ಪೆ ಏಳುತ್ತಿತ್ತು.

ಒಮಾನಿನ ಸೂರ್ ಪಟ್ಟಣದ ಕಡಲಂಚಿನಲ್ಲಿ ಮರದ ದೊಡ್ಡ ಹಡಗು, ಎಂದರೆ ನಮ್ಮ ಕಡೆಯವರು ಮಂಜಿ ಅನ್ನುವಂಥದನ್ನು ಕಟ್ಟುವ ಅಂಗಳದಲ್ಲಿ ಅವರು ದುಡಿಯುತ್ತಿದ್ದರು. ಕುಂದಾಪುರದಿಂದ ಉತ್ತರದ ಕರಾವಳಿಯವರು. ಇಪ್ಪತ್ತೈದಕ್ಕೂ ಹೆಚ್ಚು ವರ್ಷ ಅಲ್ಲೇ ಇದ್ದವರು. ಕಾಗದದ ಮೇಲೆ ಅವರು ಒಂದು ಗೆರೆ ಎಳೆದದ್ದನ್ನೂ ನಾನು ನೋಡಿಲ್ಲ. ಒಂದು ಕಣ್ಣು ಮುಚ್ಚಿ, ತಲೆ ಸ್ವಲ್ಪ ವಾಲಿಸಿ ನೋಡಿದರೆ ಹಡಗಿನ ಪಕ್ಕೆಲುಬುಗಳು ಎಲ್ಲಿ ಬಾಗಬೇಕೆಂದು ಅವರಿಗೆ ತಿಳಿಯುತ್ತಿತ್ತು. ಕಿವಿಯ ಮೇಲಿನ ಪೆನ್ಸಿಲನ್ನು ಶುಕ್ರವಾರದ ರಜೆಯಲ್ಲೂ ತೆಗೆಯುತ್ತಿರಲಿಲ್ಲ. ಅರಬ್ಬಿಯನ್ನು ಅಲ್ಲಿಯವರ ಹಾಗೆಯೇ ಮಾತಾಡುತ್ತಿದ್ದರು. ಬೈಯುವುದು ಮಾತ್ರ ಕುಂದಾಪುರದ ಕನ್ನಡದಲ್ಲಿ.

ನಾನು ಊರ ಹೊರಗಿನ ಗ್ಯಾಸ್ ಪ್ಲಾಂಟಿಗೆ ಸಾಮಾನು ಒದಗಿಸುವ ಒಂದು ಕಂಪನಿಯಲ್ಲಿ ಸ್ಟೋರ್‌ಕೀಪರ್. ಮುಲ್ಕಿ ಕಡೆಯವನು, ಮನೆಮಾತು ತುಳು. ಪ್ಯಾಕಿಂಗ್ ಹಲಗೆ ಬೇಕೆಂದು ಒಮ್ಮೆ ಆ ಅಂಗಳಕ್ಕೆ ಹೋದಾಗ, ಯಾರಿಗೋ "ನಿಂಗೆ ಕಣ್ ಕಾಂತಿಲ್ಯಾ?" ಎಂದು ಕೂಗುತ್ತಿದ್ದ ಧ್ವನಿ ಕೇಳಿ ನಿಂತೆ. ಆ ಪಟ್ಟಣದಲ್ಲಿ ಕನ್ನಡ ಕಿವಿಗೆ ಬಿದ್ದು ನನಗೆ ಏಳು ತಿಂಗಳಾಗಿತ್ತು. ಅಂದು ಮಧ್ಯಾಹ್ನ ಅವರ ಕೋಣೆಯಲ್ಲೇ ಊಟ. ಮೀನಿನ ಸಾರಿಗೆ ಊರಿಂದ ತಂದ ಮುರುಗಲ ಹುಳಿ.

ಹೆಂಡತಿ ಬಂದ ಮೇಲೆ ಅವರು ನಮ್ಮ ಮನೆಯವರೇ ಆದರು. ಅವಳು ಬಸುರಾಗಿ ಎಂಟು ತಿಂಗಳಾದಾಗ ಒಂದು ಮಧ್ಯಾಹ್ನ ಇದ್ದಕ್ಕಿದ್ದಂತೆ ರಕ್ತ ಹೋಗತೊಡಗಿತು. ನಾನು ಪ್ಲಾಂಟಿನ ಒಳಗಿದ್ದೆ. ಅಲ್ಲಿ ಫೋನ್ ಒಯ್ಯುವ ಹಾಗಿಲ್ಲ. ಅವಳು ಮೇಸ್ತ್ರಿಗೆ ಫೋನ್ ಮಾಡಿದಳು. ನಮ್ಮ ಕಟ್ಟಡಕ್ಕೆ ಲಿಫ್ಟ್ ಇರಲಿಲ್ಲ. ಅವರು ಅವಳನ್ನು ಊಟದ ಕುರ್ಚಿಯಲ್ಲಿ ಕೂರಿಸಿ, ತಮ್ಮ ಸೊಂಟಕ್ಕೆ ಸುತ್ತಿದ್ದ ಬೈರಾಸಿನಿಂದ ಕುರ್ಚಿಗೆ ಕಟ್ಟಿ, ಅಂಗಳದ ಇನ್ನೊಬ್ಬ ಆಳಿನ ಜೊತೆ ಹಿಡಿದು ಮೂರು ಮಹಡಿ ಇಳಿಸಿ ಆಸ್ಪತ್ರೆಗೆ ಒಯ್ದರು. ನಾನು ತಲುಪುವಾಗ ಮಗಳು ಹುಟ್ಟಿಯಾಗಿತ್ತು. ಮೇಸ್ತ್ರಿ ಹೊರಗೆ ಬೆಂಚಿನಲ್ಲಿ ಕೂತಿದ್ದರು. ಅಂಗಿಯ ತೋಳಿನಲ್ಲಿ ರಕ್ತ. "ಹೆದ್ರಬೇಡ ಮರಾಯ, ಹೆಣ್ಣು. ಗಟ್ಟಿ ಇತ್ತ್" ಎಂದರು. ಹದಿನೈದು ದಿನದಲ್ಲಿ ಮಂಜಿಗೆ ಉಳಿದ ಸಾಗುವಾನಿಯಲ್ಲಿ ಒಂದೇ ಒಂದು ಮೊಳೆಯಿಲ್ಲದ ತೊಟ್ಟಿಲು ಬಂತು. ಮಗಳು ಮಾತು ಕಲಿತ ಮೇಲೆ ಅವರನ್ನು ದೊಡ್ಡಪ್ಪ ಎಂದೇ ಕರೆದಳು.

ಇದನ್ನೆಲ್ಲ ಮೊದಲೇ ಹೇಳದಿದ್ದರೆ ಮುಂದಿನದನ್ನು ಹೇಳುವುದು ನ್ಯಾಯವಲ್ಲ.

ಅವರಿಗೆ ಬೇಟೆಯ ಹುಚ್ಚಿತ್ತು. ಎಳವೆಯಲ್ಲಿ ಮಾವನ ಬೆನ್ನ ಹಿಂದೆ ಮೊಲಕ್ಕೆ ಹೋದದ್ದನ್ನು ಹೇಳತೊಡಗಿದರೆ ಚಹಾ ತಣಿಯುತ್ತಿತ್ತು. ಸೂರಿನ ಆಚೆಯ ಮರುಭೂಮಿಯ ಕೆಲವರು ತಮ್ಮ ಹಳೆಯ ಬಂದೂಕುಗಳ ಮುರಿದ ಮರದ ಹಿಡಿಯನ್ನು ಸರಿಮಾಡಿಸಲು ಅವರ ಬಳಿ ತರುತ್ತಿದ್ದರು. ಹಾಗೆ ಬಂದ ಒಂದು ಸಣ್ಣ ಬಂದೂಕನ್ನು ಚಳಿಗಾಲದ ಒಂದು ಗುರುವಾರ ಅವರು ನನಗೆ ತೋರಿಸಿದರು. ಹೊಸ ಹಿಡಿ ಕನ್ನಡಿಯ ಹಾಗೆ ಹೊಳೆಯುತ್ತಿತ್ತು.

"ಕೊಡೂಕ್ ಮುಂಚೆ ಒಂದ್ಸಲ ಹೊಡ್ದ್ ಕಾಣ್ಕ್. ನಾಳೆ ಬೆಳಿಗ್ಗೆ ಬತ್ತ್ಯಾ? ನನ್ ಗಾಡಿ ಗ್ಯಾರೇಜಲ್ಲಿತ್ತ್, ನಿನ್ ಗಾಡಿಯಲ್ಲ್ ಹೋಪ."

"ಇಲ್ಲಿ ಹಾಗೆಲ್ಲ ಹೊಡೀಬಾರ್ದಲ್ಲ ಮೇಸ್ತ್ರಿ. ಬೋರ್ಡ್ ಹಾಕಿದ್ದಾರೆ."

"ಬೋರ್ಡ್ ಇಪ್ಪುದ್ ಓದೂಕ್ ಬಪ್ಪವ್ರಿಗೆ" ಎಂದು ನಕ್ಕರು. ನಾನೂ ನಕ್ಕೆ. ನಾನು ಏನೂ ತಿಳಿಯದೆ ಹೋದವನಲ್ಲ. ಗೊತ್ತಿದ್ದೇ ಹೋದೆ, ಅವರ ಜೊತೆ ಹೋಗುವುದೇ ಒಂದು ಖುಷಿ ಎಂದು ಹೋದೆ.

ಬೆಳಗಿನ ಬಾಂಗ್ ಆಗುವ ಹೊತ್ತಿಗೆ ಹೊರಟೆವು. ಡಾಂಬರು ಬಿಟ್ಟು ಜಲ್ಲಿಕಲ್ಲಿನ ಬಯಲಿಗೆ ಇಳಿದಾಗ ಕಡಲಿನ ಮಂಜು ಇನ್ನೂ ನೆಲದ ಮೇಲೆ ಮಲಗಿತ್ತು. ಒಣಗಿದ ಒಂದು ಹಳ್ಳ, ಅದರ ದಂಡೆಯಲ್ಲಿ ಚಪ್ಪಟೆ ತಲೆಯ ಜಾಲಿಮರಗಳು. ಗಾಡಿ ನಿಲ್ಲಿಸಿ ನಡೆದೆವು. ಮೇಸ್ತ್ರಿ ಚಪ್ಪಲಿ ಕಳಚಿ ಸೊಂಟಕ್ಕೆ ಸಿಕ್ಕಿಸಿಕೊಂಡರು. ಒಂದು ಚಿಟಿಕೆ ಮಣ್ಣು ಎತ್ತಿ ಬಿಟ್ಟು ನೋಡಿ, "ಗಾಳಿ ನಮ್ ಬದಿಗಿತ್ತ್. ಒಳ್ಳೇದಾಯ್ತ್" ಎಂದರು. ಅರುವತ್ತು ಮುಟ್ಟುತ್ತಿದ್ದ ಮನುಷ್ಯ ಅಂದು ನನಗಿಂತ ಹಗುರವಾಗಿ ನಡೆಯುತ್ತಿದ್ದರು.

ಮೊದಲು ಎದ್ದದ್ದು ಮೊಲ. ಕಲ್ಲಿನದೇ ಬಣ್ಣ, ಕಿವಿ ಮಾತ್ರ ದೇಹಕ್ಕೆ ಮೀರಿದಷ್ಟು ಉದ್ದ. ಅವರು ಬಂದೂಕನ್ನು ನನ್ನ ಕೈಗೆ ಕೊಟ್ಟರು. ನನ್ನ ಭುಜವನ್ನು ತಾವೇ ಒತ್ತಿ ಸರಿಮಾಡಿ, "ಅರ್ಧ ಉಸಿರ್ ಬಿಡ್, ಅಲ್ಲೇ ಹಿಡ್ಕೋ" ಎಂದು ಕಿವಿಯಲ್ಲಿ ಹೇಳಿದರು. ಹೊಡೆದೆ. ಮೊಲದಿಂದ ಒಂದು ಮಾರು ಆಚೆ ಧೂಳು ಎದ್ದಿತು. ಮೇಸ್ತ್ರಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕರು. ಎರಡನೆಯ ಮೊಲವನ್ನು ಅವರೇ ಹೊಡೆದರು, ಒಂದೇ ಗುಂಡಿಗೆ. ಆಮೇಲೆ ಮೊಲವನ್ನು ನನ್ನ ಒಂದು ಕೈಗೂ ಬಂದೂಕನ್ನು ಇನ್ನೊಂದು ಕೈಗೂ ಕೊಟ್ಟು, ತಮ್ಮ ಮೊಬೈಲಿನಲ್ಲಿ ಫೋಟೋ ತೆಗೆದರು. "ಹಲ್ಲ್ ಬಿಡಾ, ಶಿಕಾರಿ!" ನಾನು ಹಲ್ಲು ಬಿಟ್ಟೆ.

ಜಿಂಕೆ ಕಂಡದ್ದು ಹಳ್ಳದ ತಿರುವಿನಲ್ಲಿ. ಮೂರು. ಎಲೆಯ ಮೇಲಿನ ಇಬ್ಬನಿ ನೆಕ್ಕುತ್ತಿದ್ದವು. ಮುಕ್ಕಾಲು ಗಂಟೆ ಹೊಟ್ಟೆಯ ಮೇಲೆ ತೆವಳಿದೆವು. ಕಲ್ಲು ಮೊಣಕೈಯನ್ನು ಕೊರೆಯುತ್ತಿತ್ತು. ಅವು ತಲೆ ಎತ್ತಿದಾಗ ನಾವು ನೆಲಕ್ಕೆ ಕೆನ್ನೆ ಒತ್ತಿ ಮಲಗುವುದು, ತಗ್ಗಿಸಿದಾಗ ಮತ್ತೆ ಒಂದು ಮೊಳ. ಮಾತಿಲ್ಲ. ಅಂಥ ಸುಖವನ್ನು ನಾನು ಅಲ್ಲಿಯ ಒಂಬತ್ತು ವರ್ಷದಲ್ಲಿ ಬೇರೆಲ್ಲೂ ಪಡೆಯಲಿಲ್ಲ ಎಂಬುದನ್ನು ಈಗಲೂ ಮುಚ್ಚಿಡಲಾರೆ. ಮೇಸ್ತ್ರಿ ಹೊಡೆದರು. ಎರಡು ಹಾರಿಹೋದವು. ಕೊಂಬಿನದು ನಾಲ್ಕು ಹೆಜ್ಜೆ ಓಡಿ ಜಾಲಿಯ ಬುಡದಲ್ಲಿ ಮಂಡಿಯೂರಿತು. ಹತ್ತಿರ ಹೋಗಿ ಅದರ ಪಕ್ಕೆಯ ಮೇಲೆ ಕೈಯಿಟ್ಟೆ. ಜ್ವರ ಬಂದ ಮಗುವಿನಷ್ಟು ಬಿಸಿ. ನನಗೆ ಸಾಕಾಗಿಹೋಯಿತು.

"ಬಿಟ್ಟು ಹೋಗುವ ಮೇಸ್ತ್ರಿ" ಎಂದೆ.

"ಕೊಂದದ್ದನ್ನ್ ಬಿಟ್ಟ್ ಹೋಪುದಾ?" ಎಂದು ಅವರು ಅದನ್ನು ಹೆಗಲಿಗೇರಿಸಿದರು.

ಡಾಂಬರು ರಸ್ತೆಗೆ ಹತ್ತುವಲ್ಲಿ ಕಾಡುಪ್ರಾಣಿಗಳ ಕಾವಲಿನವರ ಗಾಡಿ ಅಡ್ಡ ನಿಂತಿತ್ತು. ಗುಂಡಿನ ಸದ್ದು ಕೇಳಿಯೇ ಬಂದಿದ್ದರು. ಜಿಂಕೆಗೆ ಹೊದೆಸಿದ್ದ ಟಾರ್ಪಾಲು ಎತ್ತಿ ನೋಡಿದರು. ಬೈಯಲಿಲ್ಲ, ಕೈ ಮಾಡಲಿಲ್ಲ. ಪೊಲೀಸ್ ಠಾಣೆಗೆ ಕರೆದೊಯ್ದರು. ಅಲ್ಲಿಯ ಅಧಿಕಾರಿ ನಮ್ಮಿಬ್ಬರಿಗೂ ಕಹ್ವಾ, ಅಲ್ಲಿಯ ಕಾಫಿ, ಕೊಡಿಸಿದ.

ನನ್ನ ಅರಬ್ಬಿ ಎಂದರೆ ಯಲ್ಲಾ, ಖಲಾಸ್, ಬುಕ್ರಾ, ಅಷ್ಟೆ. ಮಾತೆಲ್ಲ ಮೇಸ್ತ್ರಿಯದೇ. ಬಹಳ ಹೊತ್ತು ಮಾತಾಡಿದರು. ನಡುವೆ ಒಮ್ಮೆ ಗದ್ದದಿಂದ ನನ್ನನ್ನು ತೋರಿಸಿದರು. ಒಮ್ಮೆ ಮೊಬೈಲು ತೆಗೆದು ಏನನ್ನೋ ತೋರಿಸಿದರು. ನನ್ನ ಬಗ್ಗೆ ಒಳ್ಳೆಯ ಮಾತು ಹೇಳುತ್ತಿದ್ದಾರೆ, ಮಗಳ ಫೋಟೋ ತೋರಿಸಿರಬೇಕು ಎಂದುಕೊಂಡೆ. ಕೊನೆಗೆ ಅರಬ್ಬಿಯಲ್ಲಿ ಬರೆದ ಎರಡು ಹಾಳೆ ನನ್ನ ಮುಂದೆ ಬಂದವು.

"ಇದೆಂತ ಮೇಸ್ತ್ರಿ?"

"ಎಂತದೂ ಅಲ್ಲ. ಗಾಡಿ ನಿಂದಲ್ದಾ? ಬಿಡ್ಸ್ಕಂಬುಕೆ. ಸಹಿ ಹಾಕ್, ಹೋಪ."

ಹಾಕಿದೆ. ಎರಡೂ ಹಾಳೆಗೆ. ಅವರ ಬೆರಳು ತೋರಿಸಿದ ಜಾಗದಲ್ಲಿ.

ಸಂಜೆಯ ಹೊತ್ತಿಗೆ ಅಂಗಳದ ಯಜಮಾನ, ಮೇಸ್ತ್ರಿಯ ವೀಸಾಕ್ಕೆ ಹೊಣೆಯಾದ ಕಫೀಲ್, ಬಂದು ಅವರನ್ನು ಕರೆದುಕೊಂಡು ಹೋದ. ನಾನು ಒಳಗೇ ಉಳಿದೆ. "ನಾಳೆ ನಿಂಗೂ ಬಿಡ್ತ್ರ್" ಎಂದು ಹೇಳಿ ಹೋದರು. ಹಿಂದೆ ತಿರುಗಿ ನೋಡಲಿಲ್ಲ. ಅದಕ್ಕೂ ನಾನು ಅರ್ಥ ಹಚ್ಚಿರಲಿಲ್ಲ.

ಕೋರ್ಟಿನಲ್ಲಿ ಹಿಂದಿ ಬಲ್ಲ ದುಭಾಷಿ ಆ ಹಾಳೆಗಳನ್ನು ಓದಿ ಹೇಳಿದ. ಬಂದೂಕನ್ನು ಅದರ ಒಡೆಯನಿಗೆ ತಲುಪಿಸಲೆಂದು ಮುದುಕ ಬಡಗಿ ನನ್ನ ಗಾಡಿಯಲ್ಲಿ ಹೊರಟಿದ್ದ. ದಾರಿಯಲ್ಲಿ ನಾನು ಹಟ ಮಾಡಿ ಗಾಡಿಯನ್ನು ಬಯಲಿಗೆ ಇಳಿಸಿದೆ. ಬೇಡ ಬೇಡವೆಂದರೂ ಕೇಳದೆ ಮೊಲವನ್ನೂ ಜಿಂಕೆಯನ್ನೂ ನಾನೇ ಹೊಡೆದೆ. ಇದು ನನ್ನದೇ ಒಪ್ಪಿಗೆಯ ಹೇಳಿಕೆ. ಜೊತೆಗೆ ಫೋಟೋ: ಒಂದು ಕೈಯಲ್ಲಿ ಮೊಲ, ಒಂದು ಕೈಯಲ್ಲಿ ಬಂದೂಕು, ಹಲ್ಲು ಬಿಟ್ಟ ನಾನು.

ಸಾಕ್ಷಿಯಾಗಿ ಬಂದಿದ್ದ ಮೇಸ್ತ್ರಿ ಹಿಂದಿನ ಸಾಲಿನಲ್ಲಿ ಕೂತಿದ್ದರು. ಎರಡು ಕೈಯೂ ಮಂಡಿಯ ಮೇಲೆ. ತಿರುಗಿ ನೋಡಿದೆ. ಅವರು ತಮ್ಮ ಕೈಗಳನ್ನೇ ನೋಡುತ್ತಿದ್ದರು.

"ಸಹಿ ನಿನ್ನದೇ?" ಎಂದು ದುಭಾಷಿ ಕೇಳಿದ. ಹೌದು. "ಬಂದೂಕು ಹೊಡೆದದ್ದು ನಿಜವೇ?" ಒಂದು ಗುಂಡು ಹೊಡೆದದ್ದು ನಿಜವೇ ಆಗಿತ್ತು. ಬಾಯಿ ತೆರೆದೆ. ಆ ಕ್ಷಣದಲ್ಲಿ ನನ್ನ ಹೆಂಡತಿ ಮಗಳು ಆ ಊರಿನಲ್ಲಿ ಯಾರನ್ನು ನಂಬಿಕೊಂಡು ಇದ್ದಾರೆ ಎಂಬುದು ನೆನಪಾಯಿತು. ಹಿಂದಿನ ಸಾಲಿನಲ್ಲಿ ಕೂತವರನ್ನೇ. ಹೌದು ಎಂದೆ.

ಎರಡು ತಿಂಗಳು ಜೈಲು, ಆಮೇಲೆ ಗಡೀಪಾರು. ಕೆಲಸ ಮೊದಲೇ ಹೋಗಿತ್ತು. ಒಳಗಿದ್ದಾಗ ಮೇಸ್ತ್ರಿ ಒಮ್ಮೆಯೂ ನೋಡಲು ಬರಲಿಲ್ಲ. ಆದರೆ ಅವರು ಕಳಿಸಿದ ಬಾಳೆಹಣ್ಣು, ಮಡಿಸಿದ ಒಳಬಟ್ಟೆ ವಾರ ವಾರ ಬಂದವು, ಒಮ್ಮೆ ನನ್ನ ಕನ್ನಡಕವೂ. ಫೋನಿಗೆ ಸಿಕ್ಕಿದಾಗ ಹೆಂಡತಿ ಹೇಳುತ್ತಿದ್ದಳು: "ಮೇಸ್ತ್ರಿ ಇದ್ದ ಕಾರಣ ನಾವು ಉಳಿದೆವು. ಸಾಮಾನೆಲ್ಲ ಅವ್ರೇ ಪೆಟ್ಟಿಗೆ ಮಾಡಿ ಕಾರ್ಗೋಗೆ ಹಾಕಿದ್ರು. ಮಸ್ಕತ್ ಏರ್‌ಪೋರ್ಟಿಗೂ ಅವ್ರೇ ಬಿಡ್ತಾರಂತೆ." ನಾನು ಹೂಂ ಎನ್ನುತ್ತಿದ್ದೆ. ಏರ್‌ಪೋರ್ಟಿನಲ್ಲಿ ಅವಳು ಮೇಸ್ತ್ರಿಯ ಕಾಲು ಮುಟ್ಟಿ ನಮಸ್ಕಾರ ಮಾಡಿ ವಿಮಾನ ಹತ್ತಿದ್ದಳು. ಊರಿಗೆ ಬಂದು ನಾನು ನಿಜ ಹೇಳಿದ ದಿನ ಅವಳು ಮೊದಲು ನಂಬಲಿಲ್ಲ. ನಂಬಿದ ಮೇಲೆ ಅತ್ತದ್ದು ಆ ನಮಸ್ಕಾರಕ್ಕಾಗಿ.

ಜೈಲಿಗಿಂತ ನನ್ನನ್ನು ಹಿಂಡಿದ್ದು ಬೇರೆ. ಆ ಮೊದಲ ಗುಂಡನ್ನು ನನ್ನಿಂದ ಹೊಡೆಸಿದ್ದು ಪ್ರೀತಿಯಿಂದಲೋ, ಮುಂದಿನ ಯೋಚನೆಯಿಂದಲೋ? ಫೋಟೋ? ಗಾಡಿ ಗ್ಯಾರೇಜಿನಲ್ಲಿದೆ ಎಂದದ್ದು? ಅದೆಲ್ಲ ಸುಮ್ಮನೆ ಆದದ್ದೇ ಇರಬೇಕು, ಠಾಣೆಯಲ್ಲಿ ಹೆದರಿಕೆ ಹುಟ್ಟಿದ ಮೇಲೆಯೇ ಅವರಿಗೆ ಆ ಬುದ್ಧಿ ಬಂದಿರಬೇಕು ಎಂದು ಒಂದು ದಿನ ಅನಿಸಿದರೆ, ಮರುದಿನ ಹಾಗೆ ಅನಿಸುತ್ತಿರಲಿಲ್ಲ. ಅವರ ಜೊತೆ ಕಳೆದ ಅಷ್ಟೂ ವರ್ಷದ ಪ್ರತಿಯೊಂದು ಊಟವನ್ನೂ ಹೀಗೆ ತಿರುಗಿಸಿ ತಿರುಗಿಸಿ ನೋಡುವಂತಾಯಿತು.

ಮಲ್ಪೆಯ ಒಂದು ಐಸ್ ಪ್ಲಾಂಟಿನಲ್ಲಿ ಕೆಲಸ ಸಿಕ್ಕಿದ ಮೇಲೆ ಒಂದು ದಿನ ಧೈರ್ಯ ಮಾಡಿ ಫೋನ್ ಮಾಡಿದೆ. ಎತ್ತಿದರು. ಹಿಂದೆ ಗರಗಸದ ಸದ್ದು.

"ಯಾಕೆ ಮೇಸ್ತ್ರಿ?" ಎಂದು ಮಾತ್ರ ಕೇಳಿದೆ.

ಗರಗಸ ನಿಲ್ಲಿಸುವಂತೆ ಯಾರಿಗೋ ಅರಬ್ಬಿಯಲ್ಲಿ ಕೂಗಿದರು. ಆಮೇಲೆ, "ನೀನ್ ಓದಿದವ. ಎಲ್ಲ್ ಹೋದ್ರೂ ಬದ್ಕ್ತೆ. ನಂಗೆ ಈ ಅಂಗಳ ಬಿಟ್ರೆ ಎಂತದೂ ಗೊತ್ತಿಲ್ಲೆ" ಎಂದರು.

"ನನ್ನಲ್ಲಿ ಕೇಳಬಹುದಿತ್ತಲ್ಲ? ಕೇಳಿದ್ರೆ ನಾನೇ ಒಪ್ಪಿಕೊಳ್ತಿದ್ದೆನೋ ಏನೋ."

"ಕೇಂಡ್ರೆ ನೀ ಇಲ್ಲೆ ಅಂದಿದ್ರೆ?" ಎಂದರು. ಮತ್ತೆ ತಗ್ಗಿದ ದನಿಯಲ್ಲಿ, "ನೀ ಬಾಯ್ ಬಿಡೂದಿಲ್ಲ ಅಂತ ಗೊತ್ತಿತ್ತ್ ನಂಗೆ" ಎಂದು ಫೋನ್ ಇಟ್ಟುಬಿಟ್ಟರು.

ನನ್ನ ಒಳ್ಳೆಯತನವನ್ನು ಅಷ್ಟು ಸರಿಯಾಗಿ ಅಳೆದವರು ಬೇರೆ ಯಾರೂ ಇಲ್ಲ. ಅಳೆದದ್ದು ಎಲ್ಲಿ ತುಂಡು ಮಾಡಬೇಕೆಂದು ತಿಳಿಯಲಿಕ್ಕೆ.

ಮತ್ತೆ ನಾವು ಮಾತಾಡಲಿಲ್ಲ. ಕಳೆದ ವರ್ಷ ಒಂದು ದಿನ, ಅರ್ಧ ಕಟ್ಟಿದ ಮಂಜಿಯ ಪಕ್ಕದ ಅಟ್ಟಣಿಗೆಯ ಮೇಲೆ ಎದೆ ಹಿಡಿದುಕೊಂಡು ಕೂತವರು ಅಲ್ಲೇ ಹೋದರು ಎಂದು ಸೂರಿನಿಂದ ಸುದ್ದಿ ಬಂತು. ದೇಹವನ್ನು ಊರಿಗೆ ತಂದರು. ಹೋಗಬೇಕೋ ಬೇಡವೋ ಎಂದು ಎರಡು ದಿನ ತೂಗಾಡಿದೆ. ಹೆಂಡತಿಯೇ, "ಹೋಗುವ. ಹೋಗದಿದ್ರೆ ಮತ್ತೆ ಅದೊಂದು ಉಳೀತದೆ" ಎಂದಳು. ಹನ್ನೊಂದನೆಯ ದಿನ ಹೋದೆವು.

ಅವರ ಹೆಂಡತಿಯನ್ನು ನಾವು ನೋಡಿದ್ದು ಅದೇ ಮೊದಲು. ನಮ್ಮ ಹೆಸರು ಹೇಳಿದ ಕೂಡಲೇ ಆ ಅಕ್ಕ ಎದ್ದು ಬಂದು ನನ್ನ ಎರಡೂ ಕೈ ಹಿಡಿದುಕೊಂಡರು. ಸುತ್ತ ಕೂತಿದ್ದ ನೆಂಟರಿಗೆ ಕೇಳುವ ಹಾಗೆ ಹೇಳಿದರು:

"ಇವ್ರೇ ಕಾಣಿ! ಇವ್ರ್ ಎಂತದೋ ತಪ್ ಮಾಡಿ ಸಿಕ್ಕಿಬಿದ್ದಾಗ ನಮ್ಮವ್ರೇ ಅದನ್ ಮೈಮೇಲೆ ಹಾಕಂಡ್, ಯಜಮಾನ್ರ ಕಾಲ್ ಹಿಡ್ದ್, ಇವ್ರನ್ ಊರಿಗ್ ಕಳ್ಸಿದ್. ಬಂದಾಗೆಲ್ಲ ಹೇಳ್ತಿದ್ರ್, 'ನನ್ ತಮ್ಮನ ಹಾಂಗೆ ಇದ್ದವ, ಬಿಟ್ಟ್ ಹಾಕೂಕಾಯ್ತಿಲ್ಲೆ' ಅಂತ."

ಹೆಂಡತಿ ಹಿಂದಿನಿಂದ ನನ್ನ ಅಂಗಿ ಹಿಡಿದಳು. ಅಕ್ಕ ನನ್ನ ಮುಖವನ್ನೇ ನೋಡುತ್ತಿದ್ದರು, ನಾನು ಏನಾದರೂ ಹೇಳಲಿ ಎಂದು.

"ಹೌದಕ್ಕ. ತುಂಬ ಉಪಕಾರ ಮಾಡಿದ್ದಾರೆ" ಎಂದೆ.

ಬಸ್ಸಿನಲ್ಲಿ ಮರವಂತೆಯ ಕಡಲು ದಾಟಿದೆವು. ಆಮೇಲೆ ಹೆಂಡತಿ, "ಯಾಕೆ ಹಾಗೆ ಹೇಳಿದ್ರಿ?" ಎಂದಳು.

"ಉಪಕಾರ ಮಾಡಿದ್ದು ಸುಳ್ಳಲ್ಲವಲ್ಲ."

ಅವಳು ಕಿಟಕಿಯ ಕಡೆ ತಿರುಗಿದಳು. "ಸುಳ್ಳಾಗಿದ್ರೆ ಒಳ್ಳೇದಿತ್ತು" ಎಂದಳು. "ಅವರನ್ನು ಮರೀಬಹುದಿತ್ತು."