ಹೋಲ್ಡಾಲಿನಿಂದ ತೆಗೆದ ಕಂಬಳಿ

ನಾಳೆ ಪುಣೆಗೆ ಮಗಳ ಮನೆಗೆ ಹೊರಡಬೇಕು, ನಾಲ್ಕೇ ದಿನಕ್ಕೆ. ಸ್ವೆಟರ್ ತೆಗೆಯಲು ಬೀರು ತೆರೆದೆ. ನುಸಿಗುಳಿಗೆಯ ವಾಸನೆ ಮೂಗಿಗೆ ಬಡಿಯಿತು. ಎರಡು ಚೀಲ ಆಗಲೇ ತುಂಬಿವೆ. ಮೂರನೆಯದಕ್ಕೆ ಕೈ ಹಾಕಿದವಳು ಹಾಗೇ ಕುಳಿತುಬಿಟ್ಟೆ. ಮಾವಶಿ ನೆನಪಾದಳು...

ಎಂಬತ್ತರ ದಶಕದ ಮಾತು. ರಾಯಬಾಗದಲ್ಲಿ ನಮ್ಮದು ಹೊಲ, ಅಂಗಡಿ ಎರಡೂ ಇದ್ದ ಜೈನರ ಮನೆ. ಮುಸುರೆ ತಿಕ್ಕಿ, ಬಟ್ಟೆ ಒಗೆದು, ದನಗಳನ್ನೂ ನೋಡಿಕೊಳ್ಳುತ್ತಿದ್ದ ಹೆಂಗಸನ್ನು ನಾವೆಲ್ಲ ಮಾವಶಿ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದೆವು. ಕುರಿ ಕಾಯುವವರ ಮನೆಯವಳು. ಒಂದು ಚಳಿಗಾಲದಲ್ಲಿ ಓಣಿಯವರೆಲ್ಲ ಸೇರಿ ಬಸ್ಸು ಗೊತ್ತುಮಾಡಿ, ದೂರದ ಉತ್ತರದಲ್ಲಿರುವ ನಮ್ಮ ತೀರ್ಥ ಶಿಖರ್ಜಿಯ ಯಾತ್ರೆಗೆ ಹೊರಟರು. ಅಜ್ಜಿಯನ್ನು ಕೈಹಿಡಿದು ನಡೆಸಲು ಮಾವಶಿಯೂ ಬರುವುದೆಂದಾಯಿತು. ಜಾತ್ರೆಗೆಂದು ಹೋಗುತ್ತಿದ್ದ ಮಂಗಸೂಳಿಯ ಆಚೆಗೆ ಒಂದು ಊರನ್ನೂ ಕಾಣದವಳು, ಹಿಗ್ಗಿ ಹೀರೇಕಾಯಿಯಾದಳು.

ಅವಳು ತಂದದ್ದು ಒಂದು ಸೀರೆ, ಒಂದು ತಾಟು, ಒಂದು ಕರಿ ಕಂಬಳಿ.

"ಇಷ್ಟಽ ಏನ ಮಾವಶಿ?" ಎಂದು ನಕ್ಕೆ.

"ಮತ್ತೇನ ಬೇಕ ತಂಗಿ? ಹಾಸಾಕೂ ಕಂಬಳಿ, ಹೊದಿಯಾಕೂ ಕಂಬಳಿ. ಮಳಿ ಬಂದ್ರ ತಲಿ ಮ್ಯಾಲೂ ಅದಽ."

ಬಸ್ಸಿನಲ್ಲಿ ಮನೆಗೆ ಎರಡು ಟ್ರಂಕು, ಹಾಸಿಗೆ ಸುತ್ತಿ ಕಟ್ಟುವ ಒಂದು ಹೋಲ್ಡಾಲು ಮಾತ್ರ. ನನಗೋ ಹೊಸ ಟೇಪ್ ರೆಕಾರ್ಡರ್ ಒಯ್ಯಲೇಬೇಕಿತ್ತು. ಗೆಳತಿಯರ ಮುಂದೆ ಮೆರೆಯಬೇಕಲ್ಲ! ಎಲ್ಲಿ ತುರುಕಿದರೂ ಹಿಡಿಸಲಿಲ್ಲ. ಆಗ ಹೋಲ್ಡಾಲಿನಲ್ಲಿ ಮಾವಶಿ ಇಟ್ಟಿದ್ದ ಕಂಬಳಿ ಕಂಡಿತು, ಅದರ ಪಕ್ಕದಲ್ಲೇ ಅಜ್ಜಿಯ ಪೂಜೆಯ ಸೀರೆ. ನಮ್ಮಲ್ಲಿ ಪೂಜೆಯ ಬಟ್ಟೆಗೆ ಉಣ್ಣೆ ಸೋಕಬಾರದು. ನೆಪ ಸಿಕ್ಕಿತು. ಯಾರಿಗೂ ಹೇಳದೆ ಕಂಬಳಿ ಎಳೆದು, ಆ ಜಾಗಕ್ಕೆ ಟೇಪ್ ರೆಕಾರ್ಡರ್ ತುರುಕಿ, ಕಂಬಳಿಯನ್ನು ಅವಳು ದಿನಾ ಹಾಕುತ್ತಿದ್ದ ಕೊಟ್ಟಿಗೆಯ ಹಗ್ಗದ ಮೇಲೆ ಹಾಕಿ ಬಂದೆ.

ಉತ್ತರಕ್ಕೆ ಹೋದಂತೆ ಚಳಿ ಏರಿತು. ಹೋಲ್ಡಾಲು ಬಿಚ್ಚಿದಾಗಲೆಲ್ಲ ಮಾವಶಿ ಹುಡುಕಿದಳು. "ಇದರಾಗಽ ಇಟ್ಟಿದ್ನಲ್ಲಾ..." ಅವ್ವ ಒಂದು ತೆಳ್ಳನೆಯ ಚಾದರ ಕೊಟ್ಟಳು. ಧರ್ಮಶಾಲೆ ಮುಟ್ಟುವಷ್ಟರಲ್ಲಿ ಅವಳಿಗೆ ಜ್ವರ. ನಾವು ಅಜ್ಜಿಗೆ ಡೋಲಿ ಮಾಡಿ ಗುಡ್ಡ ಹತ್ತಿದೆವು. ಅವಳು ಕೆಳಗೆ ನಮ್ಮ ಟ್ರಂಕುಗಳನ್ನು ಕಾಯುತ್ತ ಮಲಗಿದಳು. ಅರ್ಧ ದಾರಿಯಲ್ಲಿ ನನಗೆ ಹೊಳೆಯಿತು, ನನ್ನ ಮೈಮೇಲಿನ ಸ್ವೆಟರೂ ಉಣ್ಣೆಯದೇ. ಟೇಪ್ ರೆಕಾರ್ಡರಿನ ಸೆಲ್ಲು ಮೂರನೆಯ ದಿನವೇ ಮುಗಿದಿತ್ತು.

ಊರಿಗೆ ಬಂದೊಡನೆ ಅವಳು ಕೊಟ್ಟಿಗೆಗೆ ಹೋದಳು. ಹಗ್ಗದ ಮೇಲೆ ಕಂಬಳಿ! ಹಣೆ ಬಡಿದುಕೊಂಡು ಅವ್ವನ ಕಡೆ ತಿರುಗಿ ನಕ್ಕಳು. "ನೋಡ್ರಿ ಅಕ್ಕಾರ, ಇಲ್ಲೇ ಬಿಟ್ಟೀನಿ. ಸುಮ್ನಽ ನಿಮಗೆಲ್ಲಾ ತ್ರಾಸ ಕೊಟ್ಟೆ." ಮನೆಯವರೆಲ್ಲ ನಕ್ಕರು. ನಾನೂ ನಕ್ಕೆ, ಅದನ್ನು ನೆನೆದರೆ ಇಂದಿಗೂ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಆಮೇಲೆ ಅವಳಿಗೆ ತನ್ನ ಮೇಲೆಯೇ ನಂಬಿಕೆ ಹೋಯಿತು. ಎಮ್ಮೆ ಕಟ್ಟಿ ಬಂದವಳು ಮತ್ತೆ ಹೋಗಿ ನೋಡುವಳು. ಹಾಲಿಗೆ ಮುಚ್ಚಿದ ತಾಟನ್ನು ಎರಡು ಸಲ ಮುಟ್ಟುವಳು. ಕೊನೆಗೆ ನನ್ನನ್ನೇ ಕರೆಯುವಳು: "ತಂಗಿ, ಹಿತ್ತಲಬಾಗಲಾ ಹಾಕೀನೇನ ನೋಡ. ನೀ ನೋಡಿದ್ರ ನನಗ ಧೈರ್ಯ." ನಾನು ನೋಡಿ ಬರುತ್ತಿದ್ದೆ. ಬಾಗಿಲು ಎಂದೂ ತೆರೆದಿರಲಿಲ್ಲ. ಹೇಳಿಬಿಡಬೇಕೆಂದು ಬಾಯಿಗೆ ಬಂದದ್ದು ಎಷ್ಟು ಸಲವೋ... ಅವ್ವ ಬೈದಾಳು, ಮಾವಶಿಯ ಕಣ್ಣಿನಲ್ಲಿ ಸಣ್ಣವಳಾದೇನು ಎಂದು ಸುಮ್ಮನಾದೆ.

ಎರಡು ವರ್ಷಕ್ಕೆ ಅವಳೇ ಕೆಲಸ ಬಿಟ್ಟಳು. "ನನಗ ಮರವು ಬಂದೈತ್ರಿ ಅಕ್ಕಾರ. ಬ್ಯಾರೆ ಯಾರನ್ನರ ನೋಡ್ಕೋರಿ." ನಾನು ಬಾಗಿಲ ಬಳಿಯೇ ನಿಂತಿದ್ದೆ. ನನ್ನ ತಲೆ ಸವರಿ ಹೋದಳು.

ನಾನು ಗಂಡನ ಮನೆಯಲ್ಲಿದ್ದಾಗ, ತೊಂಬತ್ತರ ದಶಕದಲ್ಲಿ ತೀರಿಕೊಂಡಳಂತೆ. ಅವ್ವನ ಪತ್ರದ ಕೊನೆಯಲ್ಲಿ ಒಂದೇ ಸಾಲು ಇತ್ತು.

ಈಗ ಹೇಳಿದರೆ ಕೇಳಲು ಅವಳಿಲ್ಲ. ಆದರೂ ಈ ಚೀಲಗಳ ನಡುವೆ ಕುಳಿತು ಬಾಯಿಬಿಟ್ಟೇ ಹೇಳಿದೆ: ಮಾವಶಿ, ನೀ ಏನೂ ಮರ್ತಿದ್ದಿಲ್ಲ.