ವಿಡಿಯೋ ಗೇಮಿನ ವಿಭೂತಿ

ಬಿಳಿಯ ಪ್ಲಾಸ್ಟಿಕ್ಕಿಗೂ ವಯಸ್ಸಾಗುತ್ತದೆಂದು ನನಗೆ ತಿಳಿದದ್ದು, ನನಗೆ ವಯಸ್ಸಾಗಿದೆಯೆಂದು ಇತರರು ತಿಳಿಸಿದ ಮೇಲೆ. ಕೊಳ್ಳೇಗಾಲದ ನಮ್ಮ ನಡುಮನೆಯ ಕಿಟಕಿಯ ಬಳಿ, ನೂಲಿನ ವ್ಯವಹಾರಕ್ಕೆ ಪಾಲಾರ್ ದಾಟಿ ತಮಿಳುನಾಡಿಗೆ ಹೋಗಿದ್ದ ಅಪ್ಪಾಜಿ ಒಮ್ಮೆ ಹೊತ್ತು ತಂದ ವಿಡಿಯೋ ಗೇಮೊಂದು ಇಂದಿಗೂ ವಿರಾಜಮಾನವಾಗಿದೆ. ಟಿವಿಗೆ ವೈರು ಸಿಕ್ಕಿಸಿ, ಕ್ಯಾಸೆಟ್ಟನ್ನು ಊದಿ ತುರುಕಿ, ನಾನೂ ಅಕ್ಕನೂ ಬೇಸಿಗೆ ರಜೆಗಳನ್ನು ಶ್ರದ್ಧೆಯಿಂದ ಹಾಳುಮಾಡಿಕೊಂಡ ಯಂತ್ರ ಅದು. ಬಂದಾಗ ಹಾಲಿನ ಬಿಳುಪು. ಈಗ ಮೇಲ್ಭಾಗ ನಮ್ಮೂರ ಹಳೆಯ ರೇಷ್ಮೆಗೂಡಿನ ಹಳದಿ, ತಳ ಮಾತ್ರ ಇನ್ನೂ ಬಿಳಿ. ಬೆಂಕಿ ಹತ್ತದಿರಲೆಂದು ಬೆರೆಸುವ ರಾಸಾಯನಿಕವೇ ಬಿಸಿಲಿಗೆ ಹೀಗೆ ಬಣ್ಣಗೆಡುತ್ತದಂತೆ. ಕಾಪಾಡಲು ನಿಂತವರೇ ಮೊದಲು ಸೊರಗುವುದು ಸಂಸಾರಿಗಳಾದ ನಿಮಗೆ ಹೊಸ ಸುದ್ದಿಯೇನಲ್ಲ.

ಯಳಂದೂರಿನಿಂದ ಗೌರಿ ಹಬ್ಬಕ್ಕೆ ಬರುವ ಅಕ್ಕನಿಗೆ ಬಾಗಿನದ ಜೊತೆ ಇದನ್ನೂ ಬೆಳ್ಳಗೆ ಮಾಡಿ ಕೊಡಬೇಕೆಂದು ನಿಶ್ಚಯಿಸಿದೆ. ಕೂದಲಿನ ಬಣ್ಣ ತೆಗೆಯುವ ಕ್ರೀಮು ಬಳಿದು ಬಿಸಿಲಿಗಿಟ್ಟರೆ ಪ್ಲಾಸ್ಟಿಕ್ಕಿನ ಯೌವನ ಮರಳುವುದೆಂದು ಎಲ್ಲೋ ಓದಿದ್ದೆ. ಬ್ಯೂಟಿ ಪಾರ್ಲರಿನ ಹೆಣ್ಣುಮಗಳು ನನ್ನ ತಲೆಯನ್ನು ದೀರ್ಘವಾಗಿ ಪರಿಶೀಲಿಸಿ, "ಇರೋದೇ ಬೆಳ್ಳಗವಲ್ಲ ಸಾ, ಇನ್ನೇನ್ ತೆಗೀತೀರಿ?" ಎಂದಳು. ವಿಡಿಯೋ ಗೇಮಿಗೆ ಎಂದೆ. ಅವಳು ಕ್ರೀಮಿನ ಡಬ್ಬಿ ಕೊಟ್ಟು ಹಣ ಎಣಿಸಿಕೊಂಡಳು.

ಹಬ್ಬದ ಹಿಂದಿನ ದಿನ, ಕ್ರೀಮು ಬಳಿಯುವ ಮೊದಲು ಅದನ್ನು ತೊಳೆದೆ. ನೆತ್ತಿಯ ಮೇಲೆ ಗಟ್ಟಿಯಾಗಿ ಕೂತಿದ್ದ ವಿಭೂತಿ ಕರಗಿ ಹೋಯಿತು. ಅಪ್ಪಾಜಿ ಮಗ್ಗ ನಡೆಸುತ್ತಿದ್ದವರು. ಆಯುಧಪೂಜೆಯಂದು ಮಗ್ಗ, ಕತ್ತರಿ, ಸೈಕಲ್ಲುಗಳಿಗೆ ವಿಭೂತಿ ಬಳಿದು, ಬೆರಳಲ್ಲಿ ಉಳಿದದ್ದನ್ನು ಇದಕ್ಕೂ ಎಳೆಯುತ್ತಿದ್ದರು. ಮನೆಯಲ್ಲಿ ಇದರಷ್ಟು ಬಿಡುವಿಲ್ಲದೆ ದುಡಿಯುವ ಯಂತ್ರ ಬೇರಿಲ್ಲವೆಂಬುದು ಅವರ ಅಭಿಪ್ರಾಯ. ಹಳೆಯದನ್ನು ಒರೆಸುವ ಪದ್ಧತಿ ನಮ್ಮ ಮನೆಯಲ್ಲಿಲ್ಲ, ಅದರ ಮೇಲೆಯೇ ವರ್ಷವರ್ಷವೂ ಹೊಸದು. ಅವರು ತೀರಿಕೊಂಡ ಮೇಲೆ ಹೊಸದು ನಿಂತಿತು, ಹಳೆಯದು ಉಳಿದಿತ್ತು.

ಬಟ್ಟೆಯಲ್ಲಿ ಒರೆಸಿ ನೋಡಿದರೆ ವಿಭೂತಿ ಹೋಗಿದ್ದರೂ ಗೆರೆಗಳು ಹೋಗಿರಲಿಲ್ಲ. ಬಿಸಿಲು ತಲುಪದ ಆ ಜಾಗದಲ್ಲಿ, ಹಳದಿಯ ನಡುವೆ, ಮೂರು ಬಿಳಿಯ ಗೆರೆ. ಕೆಳಗಿನದು ಕೊನೆಯಲ್ಲಿ ಸೊಟ್ಟ: ಮಗ್ಗಕ್ಕೆ ಸಿಕ್ಕಿ ಡೊಂಕಾಗಿದ್ದ ಅಪ್ಪಾಜಿಯ ಉಂಗುರಬೆರಳು ಎಳೆದದ್ದು. ಕ್ರೀಮು ಬಳಿದರೆ ಎಲ್ಲವೂ ಒಂದೇ ಬಿಳುಪಾಗಿ ಗೆರೆಗಳು ಮಾಯವಾಗುತ್ತವೆ. ಕ್ರೀಮಿನಲ್ಲಿ ಅದ್ದಿದ ಬ್ರಷ್ಷು ಕೈಯಲ್ಲೇ ಇತ್ತು.

ಅಷ್ಟರಲ್ಲಿ ಬಸ್ಸಿಳಿದು ಬಂದ ಅಕ್ಕ ಚೀಲವನ್ನು ಬಾಗಿಲಲ್ಲೇ ಬಿಟ್ಟು, ಹತ್ತಿರ ಬಂದು ಆ ಸೊಟ್ಟ ಗೆರೆ ಕಂಡವಳೇ ಕೂಗಿದಳು: "ಅಚ್ಬ್ಯಾಡ ಕಣ್ಲಾ! ಅಪ್ಪಾಜಿ ಬೆರ್ಳು ಕಣ್ಲಾ ಅದು!"

ಅವಳು ಅತ್ತಳು. ನಾನೂ ಅತ್ತೆ. ಕ್ರೀಮಿನ ಘಾಟೆಂದು ಸಬೂಬು ಹೇಳಬಹುದಿತ್ತು, ಆದರೆ ಅಪ್ಪಾಜಿ ಬೇಕೆನಿಸಿಯೇ ಅತ್ತದ್ದು.

ನೀನೇ ಯಳಂದೂರಿಗೆ ತೆಗೆದುಕೊಂಡು ಹೋಗು ಎಂದೆ. ಅಕ್ಕ ತಲೆಯಾಡಿಸಿದಳು. "ಬ್ಯಾಡ, ಅವ್ರು ಇಟ್ಟಿದ್ದ್ ತಾವೇ ಇರ್ಲಿ. ತೊಳ್ದ್ಬುಟ್ಟಿದ್ದೀಯ, ಬಿಸ್ಲು ಬಿದ್ರೆ ಇವೂ ಅಳ್ದಿ ಆಗ್ಬುಡ್ತವೆ. ವಿಬೂತಿ ತತ್ತಾ."

ವಿಭೂತಿಯನ್ನು ನೀರಲ್ಲಿ ತೇದು, ಮೂರು ಬೆರಳನ್ನು ಆ ಗೆರೆಗಳ ಮೇಲಿಟ್ಟು ಎಳೆದಳು. ಮೇಲಿನೆರಡು ಸರಿಯಾಗಿ ಕೂತವು. ಮೂರನೆಯದು ಕೊನೆಯಲ್ಲಿ ನೆಟ್ಟಗೆ ಹೋಗಿ ಹಾದಿ ತಪ್ಪಿತು. ಅದನ್ನು ಸೆರಗಿನಿಂದ ಒರೆಸಿ, ಈ ಸಲ ಉಂಗುರಬೆರಳನ್ನು ಎಡಗೈಯಲ್ಲಿ ಹಿಡಿದು ಬಗ್ಗಿಸಿಕೊಂಡು ಎಳೆದಳು. ಕೂತಿತು.

ಗೇಮು ಈಗ ಅದೇ ಕಿಟಕಿಯ ಬಳಿ, ಅದೇ ಬಿಸಿಲಿನಲ್ಲಿದೆ. ಸುತ್ತಲೂ ಇನ್ನಷ್ಟು ಹಳದಿಯಾಗುತ್ತಿದೆ. ಆಗಲಿ, ಅದು ಹಳದಿಯಾದಷ್ಟೂ ಗೆರೆಗಳು ಸ್ಪಷ್ಟ. ತಲೆಯ ಬಿಳುಪಿನ ಬಗ್ಗೆಯೂ ನನಗೆ ಮೊದಲಿನ ತಕರಾರಿಲ್ಲ. ಆಯುಧಪೂಜೆ ಹತ್ತಿರ ಬಂದಿದೆ, ಅಕ್ಕ ಆಗ ಇಲ್ಲಿರುವುದಿಲ್ಲ. ನಾನು ಬೆರಳು ಸೊಟ್ಟ ಮಾಡುವುದನ್ನು ಅಭ್ಯಾಸ ಮಾಡುತ್ತಿದ್ದೇನೆ.