ನೆಲಕ್ಕೆ ಹಾಸಿದ ಸೆರಗು

ನಮ್ಮ ರಸ್ತೆಯಲ್ಲಿ ಚೆಂದದ ಮನೆ ಯಾವುದೆಂದು ಯಾರಾದರೂ ಕೇಳಿದರೆ ನಾನು ನನ್ನ ಮನೆ ಬಿಟ್ಟು ಪಕ್ಕದ ಚನ್ನಕ್ಕನ ಮನೆ ತೋರಿಸುತ್ತೇನೆ. ನನ್ನಂಥವಳು ಹೀಗೆ ಹೇಳುವುದು ಸಣ್ಣ ಮಾತಲ್ಲ. ಕೊಡಿಗೇಹಳ್ಳಿಯಲ್ಲಿ ಹುಟ್ಟಿ, ಅದರ ಮಗ್ಗುಲಿಗೇ ಇರುವ ಸಹಕಾರನಗರದಲ್ಲಿ ಮನೆ ಕಟ್ಟಿಸಿಕೊಂಡ ನನಗೆ ಹೊರಗಿನಿಂದ ಬಂದವರು ಏನು ಮಾಡಿದರೂ ಒಂದು ಕೊಂಕು ಕಂಡೇ ಕಾಣುತ್ತಿತ್ತು.

ಎಂಬತ್ಮೂರರಲ್ಲಿ ಪಕ್ಕದ ಸೈಟಿನಲ್ಲಿ ಕಾಶಿನಾಥ ಎನ್ನುವವರು ಪಾಯ ತೋಡಿಸಿದರು. ಬಾಗಲಕೋಟೆ ಕಡೆಯವರು, ಯಶವಂತಪುರದ ಒಂದು ಕಾರ್ಖಾನೆಯಲ್ಲಿ ಕೆಲಸ. ಅವರ ಹೆಂಡತಿ ಚನ್ನಕ್ಕ ಬಾಡಿಗೆ ಮನೆಯಿಂದ ಬಸ್ಸು ಹತ್ತಿ ಬಂದು ತಾನೇ ಗೋಡೆಗಳಿಗೆ ನೀರು ಹೊಡೆಯುತ್ತಿದ್ದಳು. ನಡುವೆ ನೀರು ಕುಡಿಯಲು ನಮ್ಮ ಮನೆಗೆ ಬರುತ್ತಿದ್ದಳು, ಹಾಗೆ ಗೆಳೆತನ ಬೆಳೆಯಿತು.

ಆಗ ಲೇಔಟಿನಲ್ಲಿ ಎಲ್ಲರ ಮನೆಯೂ ಒಂದೇ ಥರ. ಮೊಸಾಯಿಕ್ ನೆಲ, ಹಾಲಿನಲ್ಲಿ ಗಾಜಿನ ಶೋಕೇಸು, ಅದರೊಳಗೆ ಪ್ಲಾಸ್ಟಿಕ್ ಹೂವು, ತಲೆಯಾಡಿಸುವ ಗೊಂಬೆ. ನನ್ನ ಶೋಕೇಸಿನಲ್ಲಿ ಗೊಂಬೆ ಒಂದಲ್ಲ, ಜೋಡಿ ಇತ್ತು. ಚನ್ನಕ್ಕ ನೋಡಿ "ಚಂದ ಅದಾವ್ರಿ ರತ್ನಕ್ಕಾ" ಎಂದಳೇ ಹೊರತು ಎಲ್ಲಿ ತಂದಿರಿ ಎಂದು ಕೇಳಲಿಲ್ಲ. ಅವಳ ಲೆಕ್ಕವೇ ಬೇರೆ. ಊರಿನಿಂದ ತಂದ ರೊಟ್ಟಿ ಬುಟ್ಟಿಯನ್ನು ಬೋರಲು ಹಾಕಿ ಬಲ್ಬಿಗೆ ತೊಡಿಸಿದಳು. ಕುಪ್ಪಸಕ್ಕೆಂದು ಇಟ್ಟಿದ್ದ ಖಣದ ತುಂಡುಗಳನ್ನು ಜೋಡಿಸಿ ಕಿಟಕಿಗೆ ಪರದೆ ಹೊಲಿದಳು.

"ಜಂಪರ್ ಬಟ್ಟೇನ ಕಿಟಕಿಗೆ ಯಾರಾದ್ರೂ ಹಾಕ್ತಾರೇನೇ?" ಎಂದು ನಾನು ನಕ್ಕೆ. ಸಂಜೆ ಬಿಸಿಲು ಆ ಪರದೆಯ ಮೇಲೆ ಬಿದ್ದಾಗ ಬಾಯಿ ಮುಚ್ಚಿಕೊಂಡೆ.

ಅದಕ್ಕೂ ಮುಂಚೆ, ನೆಲದ ಕೆಲಸ ಬಂದಾಗ ಅವಳು ತನ್ನ ಮದುವೆಯ ಇಳಕಲ್ ಸೀರೆಯನ್ನೇ ಸೈಟಿಗೆ ತಂದು ಮೇಸ್ತ್ರಿ ಮುನಿಆಂಜಿನಪ್ಪನ ಮುಂದೆ ಬಿಚ್ಚಿದಳು. ಅದರ ಸೆರಗು ಅಚ್ಚ ಕೆಂಪು, ಅಂಚಿನುದ್ದಕ್ಕೂ ಬಾಚಣಿಗೆಯ ಹಲ್ಲಿನಂತೆ ಬಿಳಿ ತೆನೆಗಳ ಸಾಲು. ಕೆಂಪು ಬಣ್ಣ ರೆಡ್ ಆಕ್ಸೈಡಿನಲ್ಲಿ, ತೆನೆಗಳು ಬಿಳಿ ಸಿಮೆಂಟಿನಲ್ಲಿ ಹಾಗೇ ಬರಬೇಕು ಎಂದಳು.

"ಏನಕ್ಕಾ, ನೆಲಕ್ಕೆ ಸೀರೆ ಉಡಿಸ್ತೀರಾ? ಅಂಗಾದ್ರೆ ಕುಪ್ಸಾನೂ ಒಲಿಸ್ಬೇಕಾಯ್ತದೆ" ಎಂದ ಮೇಸ್ತ್ರಿ.

ನಗುತ್ತಲೇ ಆತ ತಗಡು ಕತ್ತರಿಸಿ ಅಚ್ಚು ಮಾಡಿಕೊಂಡ. ಕೆಂಪು ಗಾರೆ ಬಿಗಿಯುವ ಮುನ್ನ ಅಚ್ಚೊತ್ತಿ, ಗೆರೆ ತೋಡಿ, ಬಿಳಿ ತುಂಬಿದ. ಚನ್ನಕ್ಕ ಪಕ್ಕದಲ್ಲೇ ಕೂತು ಸೊಟ್ಟಗಾದ ತೆನೆಯನ್ನೆಲ್ಲ ಅಳಿಸಿ ಮತ್ತೆ ಹಾಕಿಸಿದಳು. ಉಜ್ಜಿ ಮೆರುಗು ಕೊಟ್ಟು ತೊಳೆದಾಗ ಹಾಲಿನ ತುಂಬ ಸೆರಗು ಹರಡಿಕೊಂಡಿತ್ತು. ನನಗೆ ಹೊಟ್ಟೆಕಿಚ್ಚಾಯಿತು, ಸುಳ್ಳು ಯಾಕೆ ಹೇಳಲಿ.

ಗೃಹಪ್ರವೇಶಕ್ಕೆ ಕಾಶಿನಾಥರ ತಾಯಿ ಶಿವಲಿಂಗವ್ವ ಊರಿನಿಂದ ಬಂದರು. ಹಿರಿಯಳು ತುಂಬಿದ ಕೊಡ ಹಿಡಿದು ಮೊದಲು ಒಳಗೆ ಬರಬೇಕು, ಆಮೇಲೇ ಒಲೆ ಹೊತ್ತಿಸಿ ಹಾಲುಕ್ಕಿಸಬೇಕು ಎಂಬುದು ಅವರ ಮನೆಯ ಪದ್ಧತಿ. ಹೊಸ್ತಿಲಿಗೆ ಬಂದ ಮುದುಕಿ ಒಳಗೆ ನೋಡಿ, ಎತ್ತಿದ ಕಾಲನ್ನು ಹಿಂದಕ್ಕೆ ತೆಗೆದುಕೊಂಡರು.

"ಇದು ಸೆರಗಲ್ಲೇನ ಚನ್ನೀ?"

"ಹೌದ್ರಿ ಅತ್ತಿ, ನನ್ನ ಮದುವಿ ಸೀರೀದು."

"ಮುತ್ತೈದಿ ಸೆರಗು ತುಳಕೊಂತ ನಾ ಒಳಗ ಬರಬೇಕೇನು? ನಾ ಒಲ್ಲೆ."

ಅವರ ಕಡೆ ಸೆರಗೆಂದರೆ ಹೆಣ್ಣಿನ ಮರ್ಯಾದೆ. ತಲೆಯ ಮೇಲೆ ಹೊದೆಯುತ್ತಾರೆ, ಅಕ್ಕಿ ಕಾಯಿ ಹಾಕಿ ಉಡಿ ತುಂಬಿಸಿಕೊಳ್ಳುತ್ತಾರೆ, ತಪ್ಪಿ ಕಾಲು ತಾಗಿದರೆ ಮುಟ್ಟಿ ನಮಸ್ಕರಿಸುತ್ತಾರೆ. ಇಷ್ಟೆಲ್ಲ ಗೊತ್ತಿದ್ದ ಚನ್ನಕ್ಕ, ತೆನೆ ನೆಟ್ಟಗೆ ಬಂದರೆ ಸಾಕೆಂಬ ಗುಂಗಿನಲ್ಲಿ, ನೆಲದ ಮೇಲೆ ಜನ ನಡೆಯುತ್ತಾರೆ ಎನ್ನುವುದನ್ನೇ ಮರೆತಿದ್ದಳು. ಗಂಡನಿಗಂತೂ ಹೊಳೆದೇ ಇರಲಿಲ್ಲ.

ಬಂದ ನೆಂಟರೆಲ್ಲ ಅಂಗಳದಲ್ಲೇ ನಿಂತರು. ಕಾಶಿನಾಥರಿಗೆ ಅವಮಾನವಾಗಿ ಸಿಟ್ಟು ನೆತ್ತಿಗೇರಿತು. "ಮೇಸ್ತ್ರೀ, ಹಾರಿ ತಗೊಂಡು ಬರ್ರಿ. ಕೆತ್ತಿ ಒಗೀರಿ ಅದನ್ನ!"

"ಒಳ್ಳೇ ದಿನ್ದಾಗ ನೆಲ ಅಗೀತಾರಾ ಸಾಮೀ?" ಎಂದು ಮುನಿಆಂಜಿನಪ್ಪ ಅಲ್ಲಾಡದೆ ನಿಂತ.

ನನಗೂ ತಡೆಯಲಾಗಲಿಲ್ಲ. "ಹಾರೆ ಎತ್ತಿದ್ರೆ ನಾನೇ ಅಡ್ಡ ಮಲಗ್ತೀನಿ, ನೋಡ್ಕೊಳ್ಳಿ!" ಎಂದು ಕೂಗಿಬಿಟ್ಟೆ.

ಚನ್ನಕ್ಕ ಯಾರ ಮುಖವನ್ನೂ ನೋಡಲಿಲ್ಲ. ಹೊಸ್ತಿಲ ಬಳಿ ಅತ್ತೆಯ ಕಾಲಬುಡದಲ್ಲಿ ಕುಳಿತಳು.

"ಅತ್ತೀ, ನೀವು ಕಳೆ ತಗ್ಯಾಕ ಹೊಲಕ್ಕ ಹೋದಾಗ ನಿಮ್ಮ ಮಗನ್ನ ಎದರ ಮ್ಯಾಲ ಮಲಗಸ್ತಿದ್ರಿ?"

"ಎದರ ಮ್ಯಾಲ ಅಂದ್ರ? ಬೇವಿನ ಗಿಡದ ಬುಡಕ ಸೀರಿ ಸೆರಗು ಹಾಸಿ ಮಲಗಸ್ತಿದ್ದೆ."

"ಅವರು ಅದರ ಮ್ಯಾಲ ಎದ್ದು ನಿಂತು ಹೆಜ್ಜಿ ಇಟ್ಟಾಗ ಬೈದ್ರೇನ್ರಿ?"

"ಕೂಸಿಗೆ ಯಾರರ ಬೈತಾರೇನು?"

"ಈ ಊರಾಗ ನಮಗ ಹಿಂದಿಲ್ಲ ಮುಂದಿಲ್ರಿ ಅತ್ತಿ. ಬಾಡಿಗಿ ಮನ್ಯಾಗ ಇದ್ದು ಇದ್ದು ಸಾಕಾಗೇತಿ. ನಮ್ಮೋರು ಬಂದ್ರ ಕೂಡಾಕ ಒಂದು ಜಾಗ ಇರ್ಲಿ ಅಂತ ಹಾಸೇನ್ರಿ. ತುಳೀಲಿ ಅಂತ ಹಾಸಿಲ್ರಿ."

ಶಿವಲಿಂಗವ್ವ ಕೊಡವನ್ನು ಮಗನ ಕೈಗೆ ಕೊಟ್ಟು, ಬಗ್ಗಿ, ಬಿಳಿ ತೆನೆಗಳನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. ಕೊಡ ಮತ್ತೆ ಈಸಿಕೊಂಡು ಹೊಸ್ತಿಲು ದಾಟಿದರು. ನೇರ ಹಾಲಿನ ನಡುವೆ ಹೋಗಿ, ಕೊಡ ಇಳಿಸಿ, ಕಾಲು ಮಡಚಿ ಕುಳಿತರು. ನೆಲವನ್ನು ಅಂಗೈಯಿಂದ ಒಮ್ಮೆ ಸವರಿ ನೋಡಿದರು.

ನಾವು ಹೆಂಗಸರು ಇನ್ನೂ ಹೊರಗೇ ಇದ್ದೆವು. ಇಷ್ಟೆಲ್ಲ ಆದಮೇಲೆ ಕಾಲಿಡಲು ಯಾರಿಗೆ ಧೈರ್ಯ? ಮುದುಕಿ ತಲೆಯೆತ್ತಿ, ಅಂಗಳಕ್ಕೆಲ್ಲ ಕೇಳುವಂತೆ ಹೇಳಿದರು: "ಯಾಕ ನಿಂತೀರವಾ ಅಲ್ಲೇ? ನನ್ನ ಸೊಸಿ ಸೆರಗು ಹಾಸ್ಯಾಳ. ಬರ್ರಿ, ಕೂಡ್ರಿ."

ಎಲ್ಲರಿಗಿಂತ ಮೊದಲು ನಾನೇ ಹೋಗಿ ಅವರ ಪಕ್ಕದಲ್ಲಿ ಕುಳಿತೆ. ಚನ್ನಕ್ಕ ಕಣ್ಣೊರೆಸಿಕೊಂಡು ಒಲೆ ಹೊತ್ತಿಸಲು ಒಳಗೆ ಹೋದಳು.